ಕಾಲೇಜು ಬದಲಿಸುವ ಫಾರ್ಮು

ಭಾಂಡುಪ್‌ನ ಒಂದು ಆಸ್ಪತ್ರೆಯಲ್ಲಿ, ಉಳುಕಿದ ಕಾಲು ಚಾಚಿಕೊಂಡು ಎಕ್ಸ್‌ರೇಗೆ ಕಾದು ಕೂತಿದ್ದ ಶುಭಾಳಿಗೆ ಪಕ್ಕದ ಬೆಂಚಿನಿಂದ ಕನ್ನಡ ಕೇಳಿಸಿತು. ಕಿವಿ ತಾನಾಗಿಯೇ ಅತ್ತ ವಾಲಿತು. ಅಲ್ಲೊಬ್ಬ ತಾಯಿ, ಕಾಲೇಜು ಓದುವ ಮಗ. ತಾಯಿಯ ಸೀರೆಯ ತುಂಬ ಸಿಮೆಂಟಿನ ಧೂಳು. ಮಗನ ಎಡಗೈ ಊದಿಕೊಂಡು ಬೆರಳೆಲ್ಲ ಒಂದಾಗಿದ್ದವು.

“ಬ್ಯಾಟ್‌ಲೇ ಹೊಡದ್ನೇನೋ, ಆ ಕ್ಯಾಪ್ಟನ್ನು?”

“ಹೂಂ ಅವ್ವಾ. ಇಬ್ಬರು ನನ್ನ ಕೈ ನೆಲಕ್ಕ ಒತ್ತಿ ಹಿಡದ್ರು, ಅಂವ ಹೊಡದ.”

“ಯಾಕಂತ?”

“ಬೇಸ್‌ಬಾಲ್ ಟೀಮಿನ್ಯಾಗ ಬಾಲ್ ಎಸಿಯಾಕ ಅವನ ತಮ್ಮನ್ನ ಬಿಟ್ಟು ನನ್ನ ತಗೊಂಡ್ರು. ಬಸ್, ಅಷ್ಟ.”

“ಸುಡ್ಲಿ ಆ ಕಾಲೇಜು! ವಿಕ್ರೋಳಿ ಕಾಲೇಜಿನವರು ಫಾರ್ಮ್ ಕೊಟ್ಟು ಕರ್ಯಾಕತ್ತಾರಲ್ಲ, ಅಲ್ಲಿಗೆ ಹೋಗು.”

“ಹೋಗ್ತೀನಿ.”

“ನಿನ್ನೆ ತನಕಾ ಒಲ್ಲೆ ಅಂತಿದ್ದಿ?”

“ಒಂದ ಟೀಮಿನ್ಯಾಗ ಇದ್ರ ಅವಂಗ ಏನೂ ಮಾಡಾಕ ಬರಂಗಿಲ್ಲವ್ವ. ಬ್ಯಾರೆ ಕಾಲೇಜಿಗೆ ಹೋದ್ರ, ಮ್ಯಾಚಿನ್ಯಾಗ ಅಂವ ಬ್ಯಾಟ್ ಹಿಡದು ನನ್ನ ಮುಂದ ನಿಂದರ್ತಾನ. ಬಾಲ್ ಕೈ ಜಾರಿತು ಅಂದ್ರಾತು, ಕೇಸ್-ಬೀಸ್ ಏನಿಲ್ಲ. ಬಾಲ್ ಎಸಿಯೋ ಬಲಗೈ ಛಲೋನ ಐತಿ.”

ಈಗ ಹುಡುಗನ ಕಪಾಳಕ್ಕೆ ಬೀಳುತ್ತದೆ ಎಂದು ಶುಭಾ ಕಾದಳು.

ತಾಯಿ ಆ ಊದಿದ ಬೆರಳುಗಳನ್ನು ನೋಡಿದಳು.

“ತಲಿಗೆ ಹೆಲ್ಮೆಟ್ ಹಾಕಿರ್ತಾನಲ್ಲೋ?”

“ಬಾಯಿಗೆ ಏನೂ ಇರಂಗಿಲ್ಲ.”

ಒಳಗಿನಿಂದ ಹುಡುಗನ ಹೆಸರು ಕೂಗಿದರು. ತಾಯಿ ಅವನ ಹೆಗಲು ಹಿಡಿದು ಮೆಲ್ಲಗೆ ಎಬ್ಬಿಸಿ, ಬಾಗಿಲ ಕಡೆ ನಡೆಸಿಕೊಂಡು ಹೋದಳು.

“ಆ ಫಾರ್ಮ್ ತಗಿ, ತಮ್ಮಾ. ಎಲ್ಲಿ ಸೈ ಮಾಡ್ಲಿ, ತೋರ್ಸು.”