ಒಳಬಾಗಿಲಿನ ಅತ್ತೆ

ನೋಡಿ, ನಮ್ಮ ಮೈಯ ಜೀವಕೋಶದಲ್ಲಿ ಒಂದು ಒಳಮನೆ ಇದೆ. ಕೋಶಕೇಂದ್ರ ಅಂತಾರೆ. ಹೊರಗಿಂದ ಸಾಮಾನು ಹೊತ್ತು ತರುವವರು ಬೇರೆಯೇ ಇದ್ದಾರೆ. ಬಂದವನಿಗೆ ‘ಇಳಿಸಪ್ಪ’ ಅನ್ನುವುದು ಮಾತ್ರ ರಾನ್ ಎಂಬ ಪುಟ್ಟ ಪ್ರೋಟೀನ್. ಒಳಗಿಂದ ಹೊರಗೆ ಹೋಗಬೇಕೆಂದರೂ ಅದೇ ಜೊತೆಗೂಡಬೇಕು. ಅದಿಲ್ಲವೋ, ಬಂದದ್ದು ಇಳಿಯುವುದಿಲ್ಲ, ಹೋಗಬೇಕಾದ್ದು ಹೊರಡುವುದಿಲ್ಲ. ವಿಜ್ಞಾನದ ಮೇಷ್ಟ್ರೊಬ್ಬರು ಇದನ್ನು ಹೇಳಿದಾಗ ನನಗೆ ಒಂದು ಮನೆ ಕಣ್ಣಿಗೆ ಕಟ್ಟಿತು.

ಆ ಮನೆಯ ಯಜಮಾನ ದೊಡ್ಡ ಶ್ರೀಮಂತ. ಒಳಮನೆಯ ಬಾಗಿಲಲ್ಲಿ ಅವನ ಸೋದರತ್ತೆ ಕೂತಿರುತ್ತಿದ್ದಳು, ಗಂಡ ಸತ್ತು ತವರಿಗೆ ಬಂದವಳು. ಅವಳು ‘ಇಳಿಸು’ ಅನ್ನದೆ ಆಳುಗಳು ಒಳಗೆ ಒಂದು ಚೊಂಬನ್ನೂ ಇಡಕೂಡದು. ಕಟ್ಟಳೆ ಯಜಮಾನನದೇ. ಮೀರಿದ ಒಬ್ಬನನ್ನು ಹೊಡೆದು ಓಡಿಸಿದ್ದ.

ಒಂದು ದಿನ ಅವನೇ ಅಂದ, “ಒಂದು ಕಡ್ಡಿ ಎತ್ತಿ ಆಚೆ ಇಡಲ್ಲ ನೀನು. ಕೂತಲ್ಲಿಗೇ ಅನ್ನ ಹಾಕೋಕೆ ಇದೇನು ಛತ್ರವಾ ಅತ್ತೆ?”

ಅತ್ತೆ ಬಟ್ಟೆ ಗಂಟು ಕಟ್ಟಿಕೊಂಡು ಹೊರಟಳು. ಕಟ್ಟಳೆ ಮಾತ್ರ ಹಾಗೇ ಉಳಿಯಿತು. ಅದನ್ನು ತೆಗೆಯಬೇಕೆಂದು ಆ ಬುದ್ಧಿವಂತನಿಗೆ ಹೊಳೆಯಲೇ ಇಲ್ಲ!

ಅದೇ ವಾರ ಹೆಂಡತಿಗೆ ವಿಪರೀತ ಜ್ವರ. ಯಜಮಾನ ಪಂಡಿತರ ಹತ್ತಿರ ಓಡಿದ. ಮದ್ದನ್ನು ಆಳಿನ ಕೈಲಿ ಕಳಿಸಿ, ತಾನು ಹರಕೆ ಹೊರಲು ಗುಡಿಗೆ ಹೋದ. ಆಳು ಓಡೋಡಿ ಬಂದು ಬಾಗಿಲಲ್ಲಿ ನಿಂತ. ಯಾರಿದ್ದಾರೆ ‘ಇಳಿಸು’ ಅನ್ನಲು? ಒಳಗೆ ಆಕೆ ನೀರು ನೀರು ಅನ್ನುತ್ತಿದ್ದಾಳೆ, ಇವನಿಗೆ ಹೊಸ್ತಿಲು ದಾಟಲು ಭಯ. “ಅಮ್ಮಾ, ಮದ್ದು ತಂದಿವ್ನಿ” ಅಂತ ಕೂಗಿದ. ಮತ್ತೆ ಕೂಗಿದ. ನಿಂತೇ ಇದ್ದ.

ಯಜಮಾನ ಬರುವಷ್ಟರಲ್ಲಿ ಆಕೆಯ ಉಸಿರು ನಿಂತಿತ್ತು.

“ಮದ್ದು ಕೈಯಲ್ಲೇ ಇದೆಯಲ್ಲೋ! ಒಳಗೆ ಹೋಗಿ ಕೊಡಬಾರದಿತ್ತೇನೋ ಪಾಪಿ?”

ಆಳು ಅಳುತ್ತಾ ಅಂದ, “ಇಳ್ಸು ಅನ್ನೋರು ಯಾರೂ ಇರ್ನಿಲ್ಲ ಬುದ್ಧೀ. ನೀವೇ ಹೇಳಿದ್ರಲ್ಲ.”

ಈಗ ಯಾರನ್ನು ಹೊಡೆಯುತ್ತಾನೆ ಹೇಳಿ? ಇದನ್ನು ನೆನೆದರೆ ನನಗೆ ಸಂಕಟವಾಗುತ್ತದೆ.

ತಾಯಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲಿ ‘ಸುಮ್ಮನೆ ಕೂತಿದ್ದಾರೆ’ ಅಂತ ಯಾರನ್ನು ಅಂದಿದ್ದೀರಿ? ಅಂಗಡಿಯಿಂದ, ಕಚೇರಿಯಿಂದ ತಲೆತುಂಬ ಹೊತ್ತು ತಂದದ್ದನ್ನು ಯಾರ ಮುಂದೆ ಇಳಿಸುತ್ತೀರಿ? ಮಗಳು ನಿಮಗೆ ಹೇಳಲಾರದ ಮಾತು ಯಾರ ಬಾಯಿಂದ ನಿಮಗೆ ತಲುಪುತ್ತದೆ? ಇವತ್ತು ಮನೆಗೆ ಹೋದವರು ಮೊದಲು ಅವರ ಪಕ್ಕ ಕೂರಿ. ಊಟ ಆಯಿತಾ ಅಂತ ಕೇಳಿ. ಸಿಟ್ಟಿನಲ್ಲಿ ಹೊರಗೆ ಕಳಿಸಿದ್ದರೆ ಇವತ್ತೇ ಹೋಗಿ ಕರೆದುಕೊಂಡು ಬನ್ನಿ. ಆ ಶ್ರೀಮಂತನೂ ಹೋದ. ಕಾಲು ಹಿಡಿದ. ಅತ್ತೆ ಬಂದಳು ಕೂಡ. ಆದರೆ ಒಳಮನೆಯಲ್ಲಿ ನೀರು ಕೇಳುವವರೇ ಇರಲಿಲ್ಲ. ನೀವು ಅಷ್ಟು ತಡ ಮಾಡಬೇಡಿ.