ಕೊನೇ ಸ್ಟಾಪಿನ ರೂಮು

ಬಸ್ಸಿಗೆ ಕಾಯುವ ಸಾಲಿನಲ್ಲಿ ಒಬ್ಬ ದರ್ಜಿಯ ಮುಂದೆ ಅತ್ತೆ, ಸೊಸೆ ನಿಂತಿದ್ದರು. ಸೊಸೆಯ ಕಂಕುಳಲ್ಲಿದ್ದ ಮಗು ಅವನ ಅಂಗಿಯ ಗುಂಡಿ ಎಳೆಯುತ್ತಿತ್ತು. ಕೇಳಬಾರದೆಂದು ಮುಖ ತಿರುಗಿಸಿದರೂ ಮಾತು ಕಿವಿಗೆ ಬೀಳುತ್ತಲೇ ಇತ್ತು.

“ನರ್ಸಿಂಗ್ ಪರೀಕ್ಷೆ ಸಿಟಿ ಮಧ್ಯೆ, ರೂಮು ಮಾಡಿರೋದು ಕೊನೇ ಸ್ಟಾಪಲ್ಲಿ! ತಲೆ ಕೆಟ್ಟಿದೆಯೇನೇ?”

“ಈ ಪುಟ್ಟ ಹಗಲು ನಿದ್ದೆ ಮಾಡೋದು ಬಸ್ಸಲ್ಲಿ ಮಾತ್ರ, ಅತ್ತೆ. ಅಲ್ಲಿಂದ ಹತ್ತಿದ್ರೆ ಸೀಟೂ ಸಿಗುತ್ತೆ, ಪರೀಕ್ಷೆ ಹಾಲ್ ತಲುಪೋ ಹೊತ್ತಿಗೆ ಒಂದು ನಿದ್ದೇನೂ ಆಗಿರುತ್ತೆ.”

“ನನ್ನ ತಮ್ಮನ ಮನೆ ಹಾಲ್ ಪಕ್ಕದಲ್ಲೇ ಇದೆಯಲ್ಲ?”

“ನಾಲ್ಕನೇ ಮಹಡಿ, ಲಿಫ್ಟಿಲ್ಲ. ಇವನನ್ನೂ ಚೀಲಾನೂ ಹೊತ್ತು ಹತ್ತೋರು ಯಾರು?”

“ಹಾಗಾದ್ರೆ ಮುಂದಿನ ವರ್ಷ ಬರಿ.”

“ಹೋದ ವರ್ಷಾನೂ ಇದನ್ನೇ ಹೇಳಿದ್ರಿ. ಈ ಸಲ ಬರೆದೇ ಬರೀತೀನಿ.”

“ನೀನು ಒಳಗಿದ್ರೆ ಇವನನ್ನ ನೋಡೋರ್ಯಾರು?”

“ನಿಮ್ಮ ಮಗ. ರಜಾ ಹಾಕಿದ್ದಾರೆ.”

“ಅವನಾ? ಬಸ್ ಹತ್ತಿದ್ರೆ ಸಾಕು, ಅವನೂ ಗೊರಕೆ ಹೊಡೀತಾನೆ!”

“ಹೊಡೀಲಿ ಬಿಡಿ. ರೂಮಿಗೆ ವಾಪಸ್ ಬರೋವಾಗ ಇಳಿಯೋದು ಕೊನೇ ಸ್ಟಾಪಲ್ವಾ, ಡ್ರೈವರೇ ಎಬ್ಬಿಸ್ತಾನೆ.”

ಅತ್ತೆಗೆ ನಗು ತಡೆಯಲಾಗಲಿಲ್ಲ. ಅಷ್ಟರಲ್ಲಿ ಬಂದ ಬಸ್ಸು ಅವರಿಬ್ಬರು ಹತ್ತುತ್ತಲೇ ತುಂಬಿಹೋಯಿತು. ದರ್ಜಿ ಕೆಳಗೇ ಉಳಿದ. ಬಸ್ಸು ತಿರುವಿನತ್ತ ಹೊರಟಾಗ ಕಿಟಕಿಯಲ್ಲಿ ಮಗು ಆಗಲೇ ಅತ್ತೆಯ ಹೆಗಲ ಮೇಲೆ ನಿದ್ದೆಹೋಗಿತ್ತು. ಅತ್ತೆ, ಟಿಕೆಟ್ ಟಿಕೆಟ್ ಎಂದು ಕೂಗುತ್ತಿದ್ದ ಕಂಡಕ್ಟರನತ್ತ ತಿರುಗಿ, ತುಟಿಯ ಮೇಲೆ ಬೆರಳಿಟ್ಟು ಸುಮ್ಮನಿರಿಸುತ್ತಿದ್ದರು.