ಮೃತ್ಯುಂಜಯನ ಸಬ್‌ಮೆರೀನಿಗೆ ಜೋತು ಬಿದ್ದೋಳು

ಲೇ, ಹತ್ರ ಬನ್ರೋ. ಜೋರಾಗಿ ಹೇಳೋ ಕತೆ ಅಲ್ಲ ಇದು... ನಮ್ಮ ಪಕ್ಕದ್ಮನೆ ಸಾವಿತ್ರಮ್ಮನ ಮಗ ಮೃತ್ಯುಂಜಯ ಇದಾನಲ್ಲ, ಬೀರೂರಲ್ಲಿ ಬೋರ್‌ವೆಲ್ ಮೋಟ್ರು ಸುಟ್ರೆ ತಂತಿ ಸುತ್ತಿ ಕಟ್ಕೊಡ್ತಾನಲ್ಲ, ಅವನಿಗೇ ಆಗಿದ್ದು.

ಅವತ್ತು ಅಂಗಡಿ ಬಾಗ್ಲು ಎಳ್ದು ಹೊರಟಾಗ ರಾತ್ರಿ ಬಾಳ ಆಗಿತ್ತು. ಅಜ್ಜಂಪುರದ ರಸ್ತೇಲಿ, ಆಲದ ಮರದ ಕೆಳಗೆ, ಆ ಹಳೇ ಬಾವಿ ಗೊತ್ತಲ್ಲ? ಬತ್ತಿ ಎಷ್ಟೋ ವರ್ಷ ಆಯ್ತು. ಹಗ್ಗ ಇಲ್ಲ, ರಾಟೆ ಇಲ್ಲ. ಒಳಗೆ ಒಬ್ಬಳು ದೆವ್ವ ಇದಾಳೆ ಅಂತಾರೆ. ಅಲ್ಲಿ... ಕಿರ್ರ್... ಕಿರ್ರ್... ರಾಟೆ ತಿರುಗ್ತಾ ಇದೆ! ಆಮೇಲೆ ಕೊಡ ಹೋಗಿ ತಳದ ಕಲ್ಲಿಗೆ ಬಡೀತು. ಠಣ್!

ಬೇರೆಯೋನಾಗಿದ್ರೆ ಚಪ್ಲಿ ಬಿಟ್ಟು ಓಡೋನು. ಇವನು ನಿಂತ.

"ಒಣಗಿದ ಬಾವೀಲಿ ಏನೇ ಸೇದ್ತೀಯ? ಹೋಗ್ ಮಲ್ಕೋ!"

ರಾತ್ರಿ ಹೊತ್ತು ಅಂಥೋರನ್ನ ಮಾತಾಡಿಸಬಾರ್ದು ಕಣ್ರೋ. ಮಾತಾಡಿಸಿದ್ರೆ ಹಿಂದೇನೇ ಬತ್ತಾರೆ.

ಮನೇಗ್ ಬಂದ, ಮುದ್ದೆ ಉಂಡ, ಕಂಪ್ಯೂಟ್ರು ಹಾಕ್ದ. ಅವನಿಗೊಂದು ಹುಚ್ಚು. ಸಬ್‌ಮೆರೀನ್ ಗೇಮು. ನೀರೊಳಗೆ ಮುಳುಗಿ ಹೋಗೋ ಯುದ್ಧದ ಹಡಗನ್ನ ಕುಂತಲ್ಲೇ ಓಡ್ಸೋದು. ಶಿವರಾತ್ರೀಲಿ ಬಂದರು ಬಿಟ್ಟೋನು, ಗೌರಿ ಹಬ್ಬ ಬಂದ್ರೂ ಗಸ್ತು ಮುಗ್ದಿಲ್ಲ! ಒಂದ್ಸಲ ಹಡಗು ಒಡೆದ್ರೆ ಮುಗೀತು, ಇನ್ನೊಂದು ಜೀವ ಇಲ್ಲ. ತರೀಕೆರೆ ದೋಸ್ತು ಶಿವಕುಮಾರ್ ಬೇರೆ ಆಡ್ಕೊಂಡಿದ್ದ, "ಬಾವಿಗೆ ಮೋಟ್ರು ಇಳ್ಸೋನು ನೀನು, ಹಡಗು ವಾಪಸ್ ತತ್ತೀಯೇನಲೇ?" ಅಂತ.

ತಂದೇ ತತ್ತೀನಿ ಅಂತ ಹಠ ಇವನಿಗೆ. ಬಂದರು ಇನ್ನೇನು ಹತ್ರ. ಆದ್ರೆ ತಲೆ ಮೇಲೆ ಶತ್ರು ಹಡಗು ಸುತ್ತುತ್ತಾ ಇದೆ. ಇವನು ಮೋಟ್ರು ನಿಲ್ಸಿ, ಆಳದಲ್ಲಿ ಅವಿತು, ಹೆಡ್‌ಫೋನ್ ಹಾಕ್ಕೊಂಡು ಕೇಳ್ತಾ ಕೂತ. ಧಡಕ್... ಧಡಕ್... ಧಡಕ್... ಮೇಲಿನ ಹಡಗಿನ ಪಂಕ ನೀರು ಬಡಿಯೋ ಸದ್ದು.

ಅದ್ರ ಮಧ್ಯೆ... ಕಿರ್ರ್... ಕಿರ್ರ್...

ಸಮುದ್ರದಲ್ಲಿ ರಾಟೆ ಎಲ್ಲಿಂದ ಬತ್ತದೋ?

ಬುಳಕ್. ಕೊಡ ಮುಳುಗ್ತು.

"ಅಬ್ಬಾ... ಎಷ್ಟೊಂದು ನೀರು ಕಣೋ..." ಕಿವಿಯೊಳಗೇ ಹೆಂಗಸಿನ ದನಿ.

ಸಾವಿತ್ರಮ್ಮ ಎದ್ದಾಳು ಅಂತ ಇವನೂ ಪಿಸುಗುಟ್ದ. "ಯಾರೇ?"

"ನೀನೇ ಅಲ್ವಾ ಮೋಟ್ರು ಕಟ್ಟೋನು? ನನ್ನ ಬಾವಿ ನೀರೆಲ್ಲ ಹೀರಿದೋನು?"

"ಕಟ್ತೀನಿ. ಕಟ್ಟದಿದ್ರೆ ಊರೋರು ಏನು ಕುಡೀಬೇಕು? ನಿನ್ನ ಕಣ್ಣೀರಾ?"

ಆಳ ತೋರ್ಸೋ ಮುಳ್ಳು ತಿರುಗ್ತು. ಹಡಗು ತಾನಾಗೇ ಕೆಳಗೆ ಜಾರ್ತಾ ಇದೆ. ಕಬ್ಬಿಣ ಕಟಕಟ ಅಂತು. ಎಲ್ಲೋ ಒಂದು ಬೋಲ್ಟು ಟಪ್ ಅಂತ ಹಾರ್ತು.

"ನನ್ನ ಮನೆ ಬತ್ತಿಸ್ದೆ ನೀನು. ಇದು ನಂಗಿರ್ಲಿ."

"ಸಮುದ್ರ ಇಡೀ ಇಟ್ಕೋ, ಯಾರು ಬೇಡ ಅಂದ್ರು? ಹಡಗು ಮಾತ್ರ ಕೊಡಲ್ಲ."

"ಮೋಟ್ರು ಹಾಕಿದ್ರೆ ಮೇಲಿನೋನು ಸದ್ದು ಕೇಳ್ತಾನೆ. ಬಾಂಬು ಹಾಕ್ತಾನೆ."

"ಹಾಕ್ಲಿ! ಅವನ ಕೈಲಿ ಸತ್ರೂ ಸಾಯ್ತೀನಿ, ನಿನ್ನ ಕೊಡದೊಳಗೆ ಬೀಳಲ್ಲ ಕಣೇ!"

ಅಷ್ಟೂ ಮೋಟ್ರು ಒಟ್ಟಿಗೆ ಹಾಕ್ದ. ಗುಂಯ್ಯ್... ಮುಳ್ಳು ನಡುಗ್ತು. ಅವಳು ಕೆಳಕ್ಕೆ, ಇವನು ಮೇಲಕ್ಕೆ. ನಮ್ಮನೆ ಕಿಟಕಿ ಗಾಜು ಅದುರ್ತು ಅವತ್ತು, ಸುಳ್ಳಾದ್ರೆ ನನ್ನ ಮೀಸೆ ಬೋಳ್ಸಿ!

ಆಮೇಲೆ ಅವಳು ನಕ್ಕಳಂತೆ. ಮೆಲ್ಲಗೆ.

"ಗಟ್ಟಿ ಇದೀಯ ಕಣೋ... ಹಂಗಾರೆ ಮೇಲಿನ ಹಡಗು ನಂದು."

ಧಡಕ್... ಧಡಕ್... ಧ... ನಿಂತ್ಹೋಯ್ತು. ಬುಳಕ್. ಬುಳಕ್. ಬುಳಕ್... ಅಷ್ಟು ದೊಡ್ಡ ಹಡಗು ಕೊಡ ತುಂಬಿದಂಗೆ ತುಂಬಿ ಪಕ್ಕದಲ್ಲೇ ತಳಕ್ಕೆ ಹೋಯ್ತು. ಒಂದು ಬಾಂಬೂ ಬೀಳ್ಲಿಲ್ಲ.

ಬೆಳಗಿನ ಜಾವ ಇವನು ಬಂದರು ಸೇರ್ದ. ಶಿವಕುಮಾರನ್ನ ಫೋನಲ್ಲಿ ಎಬ್ಬಿಸ್ದ. "ಹಡಗು ತಂದೆ ಕಣಲೇ!" ಅಂದು ಇಟ್ಟೇ ಬಿಟ್ಟ.

ಹೆಡ್‌ಫೋನ್ ಬಿಚ್ಚಿದ್ರೆ, ಎರಡೂ ಕಿವಿ ಮೆತ್ತೆ ಮೇಲೆ ಬೆಳ್ಳಗೆ ಹರಳು ಹರಳು. ಸಾವಿತ್ರಮ್ಮ ಉಗುರಲ್ಲಿ ಕೆರ್ದು ನಾಲಿಗೆಗಿಟ್ಲು.

ಉಪ್ಪು.

ಯಾಕೆ ದಂಡ ಅಂತ ಎಲ್ಲ ಕೆರ್ದು ಮಜ್ಜಿಗೆಗೆ ಹಾಕಿದ್ಲು. ಏನ್ರೋ, ನಂಬಲ್ವಾ? ಆ ಮಜ್ಜಿಗೆ ಒಂದು ಲೋಟ ನಾನೇ ಕುಡ್ದಿದೀನಿ. ಇನ್ನೊಂಚೂರು ಬೇಕಿತ್ತು ಉಪ್ಪು.